ಉಂಗುರ ಬೆರಳಿಗೆ ಕಟ್ಟಿದ ಮೂರು ಪಟ್ಟಿಗಳು: ಟ್ರಿಗರ್ ಫಿಂಗರ್ ಸ್ಪ್ಲಿಂಟ್ ಬಳಸಿದವಳ ವಿಮರ್ಶೆ

ಮಡಚಿದ ಬೆರಳು ಸಿಕ್ಕಿಕೊಂಡು ಬಿಡಿಸಲು ಬಾರದಂತಾಗುವ ಟ್ರಿಗರ್ ಫಿಂಗರ್ ಎಂಬ ತೊಂದರೆಗೆ ಕಟ್ಟಿಕೊಳ್ಳುವ ಪಟ್ಟಿಗಳಲ್ಲಿ, ಅಂದರೆ ಸ್ಪ್ಲಿಂಟುಗಳಲ್ಲಿ, ಮೂರು ಬಗೆಯವನ್ನು ಕಳೆದ ಜೂನ್ ತಿಂಗಳಿನಿಂದ ಒಂದಾದ ಮೇಲೊಂದರಂತೆ ನನ್ನ ಬಲಗೈಯ ಉಂಗುರ ಬೆರಳಿಗೆ ಕಟ್ಟಿ ನೋಡಿದ್ದೇನೆ. ಮೊದಲನೆಯದು ಔಷಧದ ಅಂಗಡಿಯಲ್ಲಿ 160 ರೂಪಾಯಿಗೆ ಕೊಂಡ, ಒಳಗೆ ನೀಲಿ ಸ್ಪಂಜು ಅಂಟಿಸಿದ ಅಲ್ಯುಮಿನಿಯಂ ಪಟ್ಟಿ. ಎರಡನೆಯದು ಆನ್‌ಲೈನಿನಲ್ಲಿ 420 ರೂಪಾಯಿಗೆ ತರಿಸಿಕೊಂಡ, ವೆಲ್ಕ್ರೋ ಇರುವ ಬಟ್ಟೆಯ ಪಟ್ಟಿ. ಮೂರನೆಯದು ಕಾಸರಗೋಡಿನಲ್ಲಿ ಫಿಸಿಯೋಥೆರಪಿ ಮಾಡುವವರೊಬ್ಬರು ನನ್ನ ಕೈಯ ಮೇಲೆಯೇ ಅಚ್ಚು ಹಿಡಿದು ಮಾಡಿಕೊಟ್ಟ ಪ್ಲಾಸ್ಟಿಕ್ ಪಟ್ಟಿ; ಅದಕ್ಕೆ ತಗಲಿದ್ದು 1,300 ರೂಪಾಯಿ. ಬೆಲೆಯ ಅಂತರ ದೊಡ್ಡದಾಗಿ ಕಂಡರೂ ಈ ಮೂರರ ನಡುವಿನ ನಿಜವಾದ ವ್ಯತ್ಯಾಸ ಬೆಲೆಯಲ್ಲಿಲ್ಲ, ಅವು ಬೆರಳಿನ ಯಾವ ಗಂಟನ್ನು ಮಡಚದಂತೆ ತಡೆಯುತ್ತವೆ ಎಂಬುದರಲ್ಲಿದೆ. ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ನನ್ನ ಎರಡು ತಿಂಗಳ ನೋವು ತಪ್ಪುತ್ತಿತ್ತು ಎಂಬ ಕಾರಣಕ್ಕೆ ಇದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಕೇರಳದ ಗಡಿನಾಡಾದ ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟ. ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ತೋಟದ ಕೆಲಸದಲ್ಲಿ ಕೈಜೋಡಿಸುವುದು ನನಗೆ ಅಭ್ಯಾಸವಾಗಿದೆ. ಕಳೆದ ವರ್ಷ ಸುಲಿಯುವ ಜನ ಸಿಗದೆ, ಮಳೆ ಬರುವ ಮೊದಲು ಅಂಗಳದ ಅಡಿಕೆ ಮುಗಿಸಬೇಕೆಂದು ಏಪ್ರಿಲ್ ಕೊನೆಯಿಂದ ಸುಮಾರು ಮೂರು ವಾರ ದಿನಕ್ಕೆ ನಾಲ್ಕೈದು ಗಂಟೆ ನಾನೇ ಕುಳಿತೆ. ಒಣಗಿದ ಅಡಿಕೆಯನ್ನು ಮಣೆಗೆ ನಿಲ್ಲಿಸಿದ ಕತ್ತಿಯ ಮೊನೆಗೆ ಒತ್ತಿ, ಬಿಗಿಯಾಗಿ ಹಿಡಿದು ತಿರುಚಿ, ಸಿಪ್ಪೆ ಬಿಡಿಸಿ, ಗೋಟು, ಪಟೋರ ಎಂಬ ಬಗೆಗಳನ್ನು ಬೇರೆ ಮಾಡಿ ಬುಟ್ಟಿಗೆ ಹಾಕುವ ಈ ಕೆಲಸದಲ್ಲಿ ಬೆರಳುಗಳು ಸಾವಿರಾರು ಸಲ ಒಂದೇ ಬಗೆಯಲ್ಲಿ ಬಿಗಿಯುತ್ತವೆ. ಮೇ ನಡುವಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ ಉಂಗುರ ಬೆರಳು ಅಂಗೈಯ ಕಡೆಗೆ ಮಡಚಿಕೊಂಡೇ ಇತ್ತು. ಬಿಡಿಸಲು ಹೋದರೆ ಬರಲಿಲ್ಲ. ಎಡಗೈಯಿಂದ ಹಿಡಿದು ಎತ್ತಿದಾಗ ಕಟಕ್ಕೆಂದು ಒಂದು ಸದ್ದಿನೊಂದಿಗೆ ಒಮ್ಮೆಗೇ ನೆಟ್ಟಗಾಯಿತು, ನೋವು ನಡುಗಂಟಿನಲ್ಲಿ ಚುಳ್ಳೆಂದಿತು.

ಮನೆಯಲ್ಲಿ ಎಲ್ಲರೂ ನರ ಹಿಡಿದದ್ದೆಂದರು. ಕೊಟ್ಟಂಚುಕ್ಕಾದಿ ತೈಲ ಬಿಸಿ ಮಾಡಿ ಹಚ್ಚಿದೆ, ಬಿಸಿನೀರಿನಲ್ಲಿ ಕೈ ಅದ್ದಿ ಕುಳಿತೆ. ಅದರಿಂದ ಬೆಳಗಿನ ಬಿಗಿತ ಸ್ವಲ್ಪ ಸಡಿಲವಾದದ್ದು ನಿಜ, ಆದರೆ ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಉಜ್ಜಿ ಎಳೆದು ಸರಿ ಮಾಡುತ್ತೇನೆಂದು ಹೇಳಿದವರೂ ಇದ್ದರು. ಆ ಮಾತಿಗೆ ನಾನು ಒಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಈಗ ಅನಿಸುತ್ತದೆ.

ಇದು ನರದ ತೊಂದರೆಯಲ್ಲ. ಬೆರಳನ್ನು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು, ಹುರಿಯಂತಹ ಗಟ್ಟಿ ಎಳೆಗಳು, ಅಂಗೈಯನ್ನು ದಾಟಿ ಬೆರಳಿನವರೆಗೆ ಹೋಗುತ್ತವೆ. ಹೆಬ್ಬೆರಳೊಂದನ್ನು ಬಿಟ್ಟರೆ ಪ್ರತಿ ಬೆರಳಿಗೂ ಇಂತಹ ಎರಡೆರಡು ಹುರಿಗಳಿವೆ. ಬೆರಳು ಮಡಚಿದಾಗ ಹುರಿ ಮೂಳೆಯಿಂದ ಬಿಟ್ಟು ಮೇಲೇಳದಂತೆ ಅದನ್ನು ಅಲ್ಲಲ್ಲಿ ಒತ್ತಿ ಹಿಡಿಯುವ ಬಳೆಗಳಿವೆ. ಬೆರಳಿನ ಬುಡದಲ್ಲಿ, ಅಂಗೈಯ ಮೇಲುಗೆರೆಯ ಹತ್ತಿರ ಇರುವ ಮೊದಲ ಬಳೆಗೆ ವೈದ್ಯರು ಎ1 ಪುಲ್ಲಿ ಎನ್ನುತ್ತಾರೆ. ಆ ಬಳೆ ದಪ್ಪವಾಗಿ ಒಳಗಿನ ದಾರಿ ಕಿರಿದಾದಾಗ, ಹುರಿಯೂ ಉಜ್ಜಿ ಉಜ್ಜಿ ಒಂದು ಕಡೆ ಗಂಟುಗಟ್ಟಿದಾಗ ಸಮಸ್ಯೆ ಶುರುವಾಗುತ್ತದೆ. ಲಂಗದ ಲಾಡಿಗೆ ಗಂಟು ಬಿದ್ದರೆ ನೇಫೆಯ ಬಾಯಲ್ಲಿ ಅದು ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ನೆನಪಿಸಿಕೊಂಡರೆ ಸಾಕು. ಮಡಚುವ ಸ್ನಾಯುಗಳಿಗೆ ಬಲ ಹೆಚ್ಚು, ಅವು ಗಂಟನ್ನು ಹೇಗೋ ಎಳೆದು ಬಳೆಯ ಆಚೆ ತರುತ್ತವೆ. ಬಿಡಿಸುವ ಸ್ನಾಯುಗಳಿಗೆ ಅಷ್ಟು ಬಲವಿಲ್ಲದೆ ಗಂಟು ಅಲ್ಲೇ ಉಳಿಯುತ್ತದೆ, ಬೆರಳು ಮಡಚಿದಂತೆಯೇ ನಿಲ್ಲುತ್ತದೆ. ಹುರಿಯ ಈ ಗಂಟನ್ನು 1850ರಲ್ಲಿ ವಿವರಿಸಿದವರು ಫ್ರಾನ್ಸಿನ ವೈದ್ಯ ನೋಟಾ. ಈಗಲೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಇಲ್ಲಿ ರೋಗಿಯನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಕಾಯಿಲೆ ಇರುವುದು ಅಂಗೈಯಲ್ಲಿ, ಆದರೆ ಕಟಕ್ಕೆನ್ನುವುದು ಮತ್ತು ನೋಯುವುದು ಅನೇಕರಿಗೆ ಬೆರಳಿನ ನಡುಗಂಟಿನಲ್ಲಿ. ನನಗೂ ಹಾಗೆಯೇ ಆಗಿತ್ತು. ಅಂಗಡಿಯಲ್ಲಿ ನಾನು ನಡುಗಂಟನ್ನು ತೋರಿಸಿ ಇಲ್ಲಿ ನೋವು ಎಂದೆ, ಅಂಗಡಿಯವರು ನಡುಗಂಟಿಗೆ ಕಟ್ಟುವ ಪಟ್ಟಿಯನ್ನೇ ತೆಗೆದುಕೊಟ್ಟರು.

ಆ ಅಲ್ಯುಮಿನಿಯಂ ಪಟ್ಟಿ ಬೆರಳಿನ ಮೂಳೆ ಮುರಿದಾಗ ಅಥವಾ ಬೆರಳಿಗೆ ಪೆಟ್ಟು ಬಿದ್ದಾಗ ಕಟ್ಟುವಂಥದ್ದು. ಕೈಯಿಂದಲೇ ಬಗ್ಗಿಸಬಹುದಾದಷ್ಟು ತೆಳು, ಹಗುರ, ಎರಡು ಕಡೆ ಅಂಟುಪಟ್ಟಿ ಸುತ್ತಿದರೆ ನಡುಗಂಟು ಮತ್ತು ತುದಿಗಂಟು ಎರಡೂ ನೆಟ್ಟಗೆ ನಿಲ್ಲುತ್ತವೆ. ತನ್ನ ಕೆಲಸವನ್ನು ಅದು ಸರಿಯಾಗಿಯೇ ಮಾಡುತ್ತದೆ, ಆದರೆ ಆ ಕೆಲಸ ನನಗೆ ಬೇಕಾದದ್ದಾಗಿರಲಿಲ್ಲ. ಬುಡದ ಗಂಟು ಬಿಡುವಾಗಿದ್ದುದರಿಂದ ಕೊಡಪಾನ ಎತ್ತುವಾಗಲೂ ಹಿಡಿಸೂಡಿ ಹಿಡಿಯುವಾಗಲೂ ಬೆರಳು ಬುಡದಿಂದ ಮಡಚುತ್ತಲೇ ಇತ್ತು, ಹುರಿ ಆ ಕಿರಿದಾದ ಬಳೆಯೊಳಗೆ ಓಡಾಡುತ್ತಲೇ ಇತ್ತು. ಎರಡು ವಾರ ಹಗಲೂ ರಾತ್ರಿ ಕಟ್ಟಿದ ಮೇಲೆ ಬಿಚ್ಚಿದಾಗ ಸಿಕ್ಕಿಕೊಳ್ಳುವುದು ಹಾಗೆಯೇ ಇತ್ತು, ಅದರ ಮೇಲೆ ನಡುಗಂಟು ಹೊಸದಾಗಿ ಬಿಗಿದುಕೊಂಡಿತ್ತು. ಜೂನ್ ತಿಂಗಳ ಮಳೆಯಲ್ಲಿ ಸ್ಪಂಜು ನೀರು ಕುಡಿದು ಒಣಗದೆ ಚರ್ಮ ಬೆಳ್ಳಗೆ ನೆನೆದು ಸುಲಿಯತೊಡಗಿದ್ದು ಬೇರೆ. ನಡುಗಂಟನ್ನು ಮಾತ್ರ ತಡೆಯುವ ಉಂಗುರದಂತಹ ಪಟ್ಟಿಗಳನ್ನು ಕೆಲವು ಚಿಕಿತ್ಸಕರು ಟ್ರಿಗರ್ ಫಿಂಗರಿಗೂ ಕೊಡುತ್ತಾರೆ, ಅವುಗಳಿಂದ ಗುಣ ಕಂಡವರೂ ಇದ್ದಾರೆ. ಆದ್ದರಿಂದ ನಡುಗಂಟನ್ನು ಕಟ್ಟುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಗಂಟುಗಳನ್ನೂ ಹಗಲಿರುಳು ಬಿಗಿದಿಡುವ ಈ ಅಲ್ಯುಮಿನಿಯಂ ಪಟ್ಟಿಯನ್ನು ನಮ್ಮಂಥವರು ಕೇಳದೆ ಕೊಳ್ಳಬಾರದು.

ಎರಡನೆಯದನ್ನು ಆರಿಸುವಾಗ ತಕ್ಕಮಟ್ಟಿಗೆ ಓದಿಕೊಂಡಿದ್ದೆ. ಟ್ರಿಗರ್ ಫಿಂಗರ್ ಎಂದೇ ಹೆಸರು ಹಾಕಿ ಮಾರುವ ಈ ಬಟ್ಟೆಯ ಪಟ್ಟಿಯ ಒಳಗೆ ಅಂಗೈ ಬದಿಯಲ್ಲಿ ಒಂದು ತೆಳು ಲೋಹದ ಕಡ್ಡಿ ಇದೆ. ಒಂದು ವೆಲ್ಕ್ರೋ ಬೆರಳಿನ ಸುತ್ತ, ಇನ್ನೊಂದು ಅಂಗೈಯ ಸುತ್ತ ಬರುತ್ತದೆ. ಕಡ್ಡಿ ಬುಡದ ಗಂಟನ್ನು ದಾಟಿ ಅಂಗೈಯೊಳಗೆ ಇಳಿಯುವುದರಿಂದ ಬುಡದಲ್ಲಿ ಬೆರಳು ಮಡಚಲಾಗದು. ಯೋಚನೆ ಸರಿಯಾದದ್ದೇ. ಕಟ್ಟಿದ ಮೊದಲ ರಾತ್ರಿಯೇ ವ್ಯತ್ಯಾಸ ಗೊತ್ತಾಯಿತು: ನಿದ್ದೆಯಲ್ಲಿ ನಾವು ಬೆರಳು ಮಡಚಿಯೇ ಮಲಗುವುದರಿಂದ ಬೆಳಿಗ್ಗೆ ಸಿಕ್ಕಿಕೊಂಡಿರುವುದು ಹೆಚ್ಚು, ಈ ಪಟ್ಟಿ ಕಟ್ಟಿ ಮಲಗಿದಾಗ ಬೆರಳು ನೆಟ್ಟಗೆ ಇದ್ದೇ ಎಚ್ಚರವಾಯಿತು.

ತೊಂದರೆ ಇರುವುದು ಹಗಲಿನಲ್ಲಿ. ಎಲ್ಲರಿಗೂ ಒಂದೇ ಅಳತೆ ಎಂದು ಬರೆದಿದ್ದರೂ ನನ್ನದು ಸಣ್ಣ ಕೈ. ಅಂಗೈಯ ಸುತ್ತಿನ ವೆಲ್ಕ್ರೋವನ್ನು ಕೊನೆಯವರೆಗೆ ಎಳೆದರೂ ಸಡಿಲ. ಪಾತ್ರೆ ತೊಳೆಯುವಷ್ಟರಲ್ಲಿ ಕಡ್ಡಿ ಪಕ್ಕಕ್ಕೆ ಜಾರಿ ಕಿರುಬೆರಳಿನ ಕಡೆ ಹೋಗಿರುತ್ತಿತ್ತು. ಕಡ್ಡಿ ಉದ್ದವಾಗಿದ್ದುದರಿಂದ ನಡುಗಂಟೂ ಅರ್ಧಂಬರ್ಧ ತಡೆಯಲ್ಪಡುತ್ತಿತ್ತು, ಪೆನ್ನು ಹಿಡಿಯುವುದು ಕಷ್ಟವಾಗುತ್ತಿತ್ತು. ಒದ್ದೆಯಾದರೆ ಮಳೆಗಾಲದಲ್ಲಿ ಒಣಗಲು ಒಂದೂವರೆ ದಿನ ಬೇಕು, ವಾರ ಕಳೆಯುವಾಗ ಬೂಷ್ಟು ಹಿಡಿದ ವಾಸನೆ. ವೆಲ್ಕ್ರೋದ ಮುಳ್ಳಿಗೆ ಸೀರೆಯ ನೂಲು, ಕೂದಲು, ಅಡಿಕೆ ಸಿಪ್ಪೆಯ ನಾರು ಸೇರಿ ಇಪ್ಪತ್ತು ದಿನಗಳಲ್ಲಿ ಹಿಡಿತ ಕಡಿಮೆಯಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಪುನಃ ಹಿಡಿಯುತ್ತದೆ ಎಂಬುದು ಬಳಸುವವರಿಗೆ ಉಪಯೋಗಕ್ಕೆ ಬರಬಹುದು. ಅದರೊಂದಿಗೆ ಬಂದ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಅದರಲ್ಲಿಯೂ ಎಷ್ಟು ವಾರ ಕಟ್ಟಬೇಕು, ಕಡ್ಡಿ ಯಾವ ಬದಿಗೆ ಬರಬೇಕು ಎಂಬ ಎರಡು ಮುಖ್ಯ ಸಂಗತಿಗಳೇ ಇರಲಿಲ್ಲ. ಗಡಿನಾಡಿನ ಮನೆಗಳಲ್ಲಿ ತುಳು, ಕನ್ನಡ, ಮಲಯಾಳ ಮಾತನಾಡುವ ಹೆಂಗಸರೇ ಹೆಚ್ಚಾಗಿ ಇಂತಹ ಪಟ್ಟಿ ಕಟ್ಟಿಕೊಳ್ಳುವವರು. ಚೀಟಿಯಲ್ಲಿ ಒಂದು ಸರಿಯಾದ ಚಿತ್ರವಾದರೂ ಇದ್ದಿದ್ದರೆ ಭಾಷೆಯ ತೊಡಕು ಅಷ್ಟಾಗಿ ಬರುತ್ತಿರಲಿಲ್ಲ.

ಆಗಸ್ಟಿನಲ್ಲಿ ಬೆರಳು ದಿನಕ್ಕೆ ಹತ್ತು ಹನ್ನೆರಡು ಸಲ ಸಿಕ್ಕಿಕೊಳ್ಳುತ್ತಿದ್ದಾಗ ಕಾಸರಗೋಡಿನ ಮೂಳೆ ವೈದ್ಯರ ಹತ್ತಿರ ಹೋದೆ. ಅವರು ನಡುಗಂಟನ್ನು ನೋಡಲೇ ಇಲ್ಲ, ನೇರವಾಗಿ ಅಂಗೈಯಲ್ಲಿ ಉಂಗುರ ಬೆರಳಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬೆರಳು ಮಡಚಿ ಬಿಡಿಸಲು ಹೇಳಿದರು. ಅವರ ಬೆರಳಿನ ಕೆಳಗೆ ಬಟಾಣಿ ಕಾಳಿಗಿಂತ ಚಿಕ್ಕದಾದ ಏನೋ ಒಂದು ಜಾರಿದ್ದು ನನಗೂ ಗೊತ್ತಾಯಿತು, ಅಲ್ಲಿ ಒತ್ತಿದಾಗ ಆದ ನೋವಿಗೆ ಕೈ ಹಿಂದೆಗೆದೆ. ಎಕ್ಸ್‌ರೇ ಬೇಕಾಗಿಲ್ಲ ಎಂದರು. ಮೊದಲು ಕೇಳಿದ ಪ್ರಶ್ನೆ, "ಟೀಚರೇ, ಶುಗರ್ ಉಂಟಾ?"

ಇತ್ತು, ಒಂಬತ್ತು ವರ್ಷಗಳಿಂದ. ಸಕ್ಕರೆ ಕಾಯಿಲೆಗೂ ಬೆರಳಿಗೂ ಏನು ಸಂಬಂಧವೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಒಮ್ಮೆ ಈ ತೊಂದರೆ ಬರುವವರು ನೂರಕ್ಕೆ ಎರಡು ಮೂರು ಮಂದಿಯಾದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಸುಮಾರು ಹತ್ತು. ರಕ್ತದಲ್ಲಿ ಹೆಚ್ಚಾಗಿ ಉಳಿದ ಸಕ್ಕರೆ ಹುರಿ ಮತ್ತು ಬಳೆಗಳಲ್ಲಿರುವ ಕೊಲಾಜನ್ ಎಂಬ ನಾರಿಗೆ ಅಂಟಿಕೊಂಡು ಅದನ್ನು ಪೆಡಸಾಗಿಸುತ್ತದೆ. ಥೈರಾಯ್ಡ್ ಕಡಿಮೆ ಇರುವವರಲ್ಲಿ, ಆಮವಾತ ಎನ್ನುವ ರುಮಟಾಯ್ಡ್ ಸಂಧಿವಾತದವರಲ್ಲಿ, ಗೌಟ್ ಎಂಬ ಇನ್ನೊಂದು ಸಂಧಿವಾತ ಇರುವವರಲ್ಲಿಯೂ ಇದು ಹೆಚ್ಚು. ಮಣಿಕಟ್ಟಿನಲ್ಲಿ ನರ ಒತ್ತಿ ಕೈ ಜುಮುಗುಡುವ ಕಾರ್ಪಲ್ ಟನಲ್ ತೊಂದರೆಯೊಂದಿಗೆ ಜೊತೆಯಾಗಿಯೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದೂ ನಲವತ್ತರಿಂದ ಅರವತ್ತರ ಒಳಗೆ ಜಾಸ್ತಿ. ಬೆರಳುಗಳಲ್ಲಿ ಉಂಗುರ ಬೆರಳು ಮತ್ತು ಹೆಬ್ಬೆರಳಿಗೇ ಹೆಚ್ಚು. ಹಾಗಾದರೆ ಅಡಿಕೆ ಸುಲಿದದ್ದು ಕಾರಣವಲ್ಲವೇ ಎಂದು ಕೇಳಿದೆ. ಬಿಗಿಯಾಗಿ ಹಿಡಿದು ಮಾಡುವ ಕೆಲಸ ಬಳೆಯನ್ನು ಉಜ್ಜುತ್ತದೆ, ಆದರೆ ಅದೇ ಅಂಗಳದಲ್ಲಿ ನನಗಿಂತ ಹೆಚ್ಚು ಸುಲಿದವರ ಬೆರಳುಗಳು ಸರಿಯಾಗಿಯೇ ಇವೆಯಲ್ಲ ಎಂದರು. ಅದು ನಿಜವೇ ಆಗಿತ್ತು. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ಸುಲಿಯಲು ಬರುವ ಅಕ್ಕನ ಬೆರಳಿಗೆ ಏನೂ ಆಗಿಲ್ಲ.

ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.9 ಬಂತು. ಈ ಕಾಯಿಲೆಗೆ ಬಳೆಯ ಹತ್ತಿರ ಸ್ಟೀರಾಯ್ಡ್ ಚುಚ್ಚುವುದು ರೂಢಿ. ಬಹಳ ಮಂದಿಗೆ ಒಂದೇ ಚುಚ್ಚುಮದ್ದಿನಲ್ಲಿ ಗುಣವಾಗುತ್ತದೆ. ಆದರೆ ಸ್ಟೀರಾಯ್ಡ್ ಕೆಲವು ದಿನ ಸಕ್ಕರೆಯನ್ನು ಏರಿಸುತ್ತದೆ, ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಅದು ನಾಟುವುದು ಉಳಿದವರಿಗಿಂತ ಕಡಿಮೆ. ಆದ್ದರಿಂದ ಮೊದಲು ಸಕ್ಕರೆ ಇಳಿಸೋಣ, ಅಷ್ಟರವರೆಗೆ ಸರಿಯಾದ ಪಟ್ಟಿ ಕಟ್ಟೋಣ ಎಂದು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಹೀಗೆ ಮೂರನೆಯ ಪಟ್ಟಿಯನ್ನು ಚುಚ್ಚುಮದ್ದಿನ ಬೆರಕೆ ಇಲ್ಲದೆ ಎಂಟು ವಾರ ಪರೀಕ್ಷಿಸಿ ನೋಡುವ ಅವಕಾಶ ನನಗೆ ಸಿಕ್ಕಿತು.

ಅದನ್ನು ಮಾಡಿದ ಬಗೆಯನ್ನು ನೋಡಿಯೇ ನನಗೆ ಅದರ ಮೇಲೆ ನಂಬಿಕೆ ಬಂತು. ಚಿಕಿತ್ಸಕಿ ಮಲಯಾಳದವರು, ಆದರೆ ಕುಂಬಳೆಯಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನನ್ನ ಕೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು, ಬುಡದ ಗಂಟು ಎಲ್ಲಿ ಬರುತ್ತದೆ, ನಡುಗಂಟಿನ ಗೆರೆ ಎಲ್ಲಿದೆ ಎಂದು ಚುಕ್ಕಿ ಹಾಕಿದರು. ಆ ಅಳತೆಗೆ ಬಿಳಿಯ ಪ್ಲಾಸ್ಟಿಕ್ ಹಾಳೆಯಿಂದ ಒಂದು ತುಂಡು ಕತ್ತರಿಸಿ ಬಿಸಿನೀರಿನ ತಟ್ಟೆಗೆ ಹಾಕಿದರು. ಸುಮಾರು 65-70 ಡಿಗ್ರಿಯ ನೀರಿನಲ್ಲಿ ಅದು ಒಂದೆರಡು ನಿಮಿಷದೊಳಗೆ ಉದ್ದಿನ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಬಟ್ಟೆಯಿಂದ ನೀರು ಒರೆಸಿ, ತನ್ನ ಮುಂಗೈಗೆ ತಾಗಿಸಿ ಬಿಸಿ ನೋಡಿಕೊಂಡು, ನನ್ನ ಬೆರಳಿನ ಬುಡಕ್ಕೆ ಉಂಗುರದಂತೆ ಸುತ್ತಿ ಅಂಗೈಯ ಮೇಲೆ ಒತ್ತಿ ಹಿಡಿದರು. "ಟೀಚರ್, ಬೆರಳು ಬಿಗಿ ಮಾಡಬೇಡಿ, ಸುಮ್ಮನೆ ಇಡಿ" ಎಂದು ಮೂರು ನಿಮಿಷ ಹಿಡಿದೇ ಕುಳಿತರು. ತಣಿದ ಮೇಲೆ ಅದು ನನ್ನ ಅಂಗೈಯ ಗೆರೆಗಳ ಗುರುತನ್ನೂ ಹೊತ್ತ ಗಟ್ಟಿ ಚಿಪ್ಪಾಗಿತ್ತು. ಅಂಚುಗಳನ್ನು ಪುನಃ ಬಿಸಿ ಮಾಡಿ ಹೊರಕ್ಕೆ ಮಡಚಿದರು. ನಂತರ ಮುಷ್ಟಿ ಕಟ್ಟಲು ಹೇಳಿದರು: ತುದಿಗಂಟು ಮಡಚಿತು, ನಡುಗಂಟು ಮಡಚಿತು, ಬುಡದ ಗಂಟು ಮಾತ್ರ ನೆಟ್ಟಗೆ ನಿಂತಿತು. ಕಟಕ್ಕೆನ್ನಲಿಲ್ಲ.

ಬುಡವನ್ನು ನೆಟ್ಟಗಿಟ್ಟರೆ ಹುರಿ ಬಳೆಯೊಳಗೆ ಓಡಾಡುವ ದೂರ ಕಡಿಮೆಯಾಗುತ್ತದೆ, ಹುರಿಯ ಗಂಟು ಬಳೆಯ ಬಾಯಿಯವರೆಗೆ ಬರುವುದಿಲ್ಲ, ಉಜ್ಜುವುದು ನಿಂತು ಬಾವು ಇಳಿಯಲು ಸಮಯ ಸಿಗುತ್ತದೆ. ಮೇಲಿನ ಎರಡು ಗಂಟುಗಳು ಬಿಡುವಾಗಿರುವುದರಿಂದ ಅವು ಬಿಗಿದುಕೊಳ್ಳುವುದಿಲ್ಲ, ದಿನದ ಕೆಲಸವೂ ನಡೆಯುತ್ತದೆ. ನಾನು ಅದನ್ನು ಕಟ್ಟಿಕೊಂಡೇ ದೋಸೆ ಹುಯ್ದಿದ್ದೇನೆ, ಬರೆದಿದ್ದೇನೆ, ಬಸ್ಸಿನ ಸರಳು ಹಿಡಿದು ನಿಂತು ಕಾಸರಗೋಡಿಗೆ ಹೋಗಿ ಬಂದಿದ್ದೇನೆ. ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ಕತ್ತಿ ಹಿಡಿಯುವುದು ಬೇಡವೆಂದಿದ್ದರು, ಮಾಡಲಿಲ್ಲ. ಕನಿಷ್ಠ ಆರು ವಾರ ಕಟ್ಟಬೇಕು, ಸ್ನಾನಕ್ಕೆ ಮತ್ತು ದಿನಕ್ಕೆ ನಾಲ್ಕು ಸಲ ಮಾಡುವ ವ್ಯಾಯಾಮಕ್ಕೆ ಮಾತ್ರ ತೆಗೆಯಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು, ಪಕ್ಕದಲ್ಲಿ ಕೈಯ ಚಿತ್ರ ಬಿಡಿಸಿಕೊಟ್ಟಿದ್ದರು. ಅಕ್ಷರಗಳಲ್ಲಿ ಒತ್ತು ದೀರ್ಘಗಳು ಹೆಚ್ಚುಕಡಿಮೆಯಾಗಿದ್ದವು, ಆದರೆ ನನ್ನ ವೃತ್ತಿಜೀವನದಲ್ಲಿ ಅಷ್ಟು ಸಂತೋಷದಿಂದ ಓದಿದ ಬರಹಗಳು ಕಡಿಮೆ. ಆ ಹಾಳೆ ಈಗಲೂ ಅಡುಗೆಮನೆಯ ಕಪಾಟಿನ ಬಾಗಿಲಿನಲ್ಲಿದೆ.

ದೋಷಗಳೂ ಇವೆ. ಪ್ಲಾಸ್ಟಿಕ್ ಗಾಳಿಯಾಡದು, ಬೆವರಿದಾಗ ಒಳಗೆ ತುರಿಕೆಯಾಗುತ್ತದೆ. ಸಣ್ಣ ತೂತುಗಳಿರುವ ಹಾಳೆಯನ್ನು ಕೇಳಿ ಮಾಡಿಸಿಕೊಂಡರೆ ಒಳ್ಳೆಯದು. ಮೊದಲ ವಾರ ಕಿರುಬೆರಳಿನ ಕಡೆಯ ಅಂಚು ಒತ್ತಿ ಕೆಂಪಾಯಿತು. ಸಕ್ಕರೆ ಕಾಯಿಲೆ ಇರುವವರು ಇಂತಹ ಕೆಂಪನ್ನು ತಾತ್ಸಾರ ಮಾಡಬಾರದು, ಗಾಯವಾದರೆ ಒಣಗುವುದು ನಿಧಾನ. ಹೋಗಿ ಹೇಳಿದೆ, ಅಂಚು ಬಿಸಿ ಮಾಡಿ ಸರಿಪಡಿಸಿಕೊಟ್ಟರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಇನ್ನೊಂದು ಅನಾಹುತ ನನ್ನಿಂದಲೇ ಆದದ್ದು. ಸ್ನಾನಕ್ಕೆ ಹೋಗುವಾಗ ಪಟ್ಟಿಯನ್ನು ಬಚ್ಚಲ ಹಂಡೆಯ ಕಟ್ಟೆಯ ಮೇಲೆ ಇಟ್ಟೆ. ಬರುವಷ್ಟರಲ್ಲಿ ಒಲೆಯ ಬಿಸಿಗೆ ಅದು ಚಪ್ಪಟೆಯಾಗಿ ಒಂದು ಬದಿಗೆ ವಾಲಿತ್ತು. ಬಿಸಿನೀರಿನಲ್ಲಿ ಮೆತ್ತಗಾಗುವ ವಸ್ತು ಒಲೆಯ ಹತ್ತಿರವೂ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೂ ರೂಪ ಕೆಡುತ್ತದೆ. ಪುನಃ ಅಚ್ಚು ಹಿಡಿಯಲು 300 ರೂಪಾಯಿ, ಒಂದು ದಿನ, ಬಸ್ಸಿನ ಓಡಾಟ ಬೇಕಾಯಿತು. ಒಳನಾಡಿನವರಿಗೆ ಈ ಓಡಾಟವೇ ದೊಡ್ಡ ಕೊರತೆ. ಇಂತಹ ಪಟ್ಟಿ ಮಾಡುವವರು ಪೇಟೆಯಲ್ಲಿ ಮಾತ್ರ ಸಿಗುತ್ತಾರೆ, ಅನೇಕರು ಇದಕ್ಕಾಗಿ ತಲಪಾಡಿಯ ಗಡಿ ದಾಟಿ ಮಂಗಳೂರಿಗೇ ಹೋಗುತ್ತಾರೆ.

ಫಲ ಏನಾಯಿತೆಂದರೆ, ಮೂರನೆಯ ವಾರದವರೆಗೆ ನನಗೆ ಹೆಚ್ಚೇನೂ ಕಾಣಲಿಲ್ಲ, ಬಿಚ್ಚಿದೊಡನೆ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಗೇ ಬಿಟ್ಟುಬಿಡುವ ಮನಸ್ಸಾಗಿತ್ತು, ಬಿಡಲಿಲ್ಲ. ಐದನೆಯ ವಾರದಲ್ಲಿ ಬೆಳಗಿನ ಹೊತ್ತು ಎಡಗೈಯ ಸಹಾಯವಿಲ್ಲದೆ ಬೆರಳು ತಾನಾಗಿ ಬಿಡಿಸಿಕೊಳ್ಳಲು ಶುರುವಾಯಿತು. ಎಂಟು ವಾರ ಮುಗಿದಾಗ ದಿನಕ್ಕೆ ಹತ್ತು ಹನ್ನೆರಡು ಸಲ ಇದ್ದದ್ದು ಬೆಳಿಗ್ಗೆ ಒಂದೆರಡು ಸಲದ ಸಣ್ಣ ಕಟಕಟಕ್ಕೆ ಇಳಿದಿತ್ತು. ಅಷ್ಟರಲ್ಲಿ ಅನ್ನ ಕಡಿಮೆ ಮಾಡಿ, ಸಂಜೆ ನಡೆದು, ಮಾತ್ರೆ ಬದಲಾಯಿಸಿ ಎಚ್‌ಬಿಎ1ಸಿ 7.4ಕ್ಕೆ ಬಂದಿತ್ತು. ಉಳಿದ ಆ ಸ್ವಲ್ಪಕ್ಕಾಗಿ ಅಕ್ಟೋಬರ್ ಕೊನೆಯಲ್ಲಿ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ತೆಗೆದುಕೊಂಡೆ. ಅಂಗೈಗೆ ಸೂಜಿ ಚುಚ್ಚುವಾಗ ನೋವು ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ, ಆದರೆ ಅದು ಅರ್ಧ ನಿಮಿಷದ ನೋವು. ಬೆಳಗಿನ ಸಕ್ಕರೆ 130ರ ಆಸುಪಾಸಿನಲ್ಲಿದ್ದದ್ದು ಮರುದಿನ 248ಕ್ಕೆ ಏರಿತು, ನಾಲ್ಕನೆಯ ದಿನ ಮೊದಲಿನ ಮಟ್ಟಕ್ಕೆ ಇಳಿಯಿತು. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹತ್ತು ದಿನಗಳೊಳಗೆ ಕಟಕಟ ನಿಂತಿತು.

ಪಟ್ಟಿ ಎಲ್ಲರಿಗೂ ಸಾಕಾಗುವುದಿಲ್ಲ ಎಂಬುದಕ್ಕೆ ಉಪ್ಪಳದಲ್ಲಿರುವ ನನ್ನ ಅತ್ತಿಗೆಯೇ ಸಾಕ್ಷಿ. ಮದುವೆಯಾದಂದಿನಿಂದ ಬೀಡಿ ಕಟ್ಟಿದವರು. ಎಲೆ ಸುರುಳಿ ಮಾಡಿ ತುದಿ ಮಡಚುವ ಬಲಗೈ ಹೆಬ್ಬೆರಳು ಒಂದು ವರ್ಷದಿಂದ ಸಿಕ್ಕಿಕೊಳ್ಳುತ್ತಿದ್ದರೂ ಸುಮ್ಮನಿದ್ದರು. ಕೊನೆಗೆ ಎಡಗೈಯಿಂದ ಎತ್ತಿದರೂ ನೆಟ್ಟಗಾಗದ ಸ್ಥಿತಿ ಬಂತು. ಇಷ್ಟು ಮುಂದುವರಿದ ಬೆರಳಿಗೆ ಪಟ್ಟಿ ಕಟ್ಟಿ ಕಾಯುವುದರಲ್ಲಿ ಅರ್ಥವಿಲ್ಲ. ಎರಡು ಚುಚ್ಚುಮದ್ದು ಫಲ ಕೊಡದ ಮೇಲೆ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಕೈಯ ಆ ಭಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟು, ಹೆಬ್ಬೆರಳಿನ ಬುಡದ ಗೆರೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಕೊಯ್ದು, ದಪ್ಪವಾದ ಬಳೆಯನ್ನು ಉದ್ದಕ್ಕೆ ಸೀಳಿ ಬಿಡುತ್ತಾರೆ. ಎಚ್ಚರವಾಗಿಯೇ ಇರುವುದರಿಂದ ಅಲ್ಲಿಯೇ ಬೆರಳು ಮಡಚಿ ಬಿಡಿಸಿ ತೋರಿಸಲು ಹೇಳಿದರಂತೆ. ಒಂದು ವರ್ಷದ ಮೇಲೆ ಹೆಬ್ಬೆರಳು ತಾನಾಗಿ ಎದ್ದದ್ದನ್ನು ಕಂಡು ಅಲ್ಲೇ ಕಣ್ಣೀರು ಬಂತು ಎಂದು ಅತ್ತಿಗೆ ಹೇಳಿದರು. ಎರಡು ವಾರದೊಳಗೆ ಹೊಲಿಗೆ ಬಿಚ್ಚಿದರು, ಬೀಡಿ ಕಟ್ಟುವ ಮೊರದ ಮುಂದೆ ಪುನಃ ಕೂರಲು ಒಂದೂವರೆ ತಿಂಗಳು ಬೇಕಾಯಿತು. ಒಂದು ಬಳೆಯನ್ನು ಸೀಳಿದರೆ ಬೆರಳಿನ ಬಲ ಹೋಗುತ್ತದೆ ಎಂಬ ಭಯ ಅನೇಕರಲ್ಲಿದೆ. ಹುರಿಯನ್ನು ಹಿಡಿದಿಡುವ ಮುಖ್ಯ ಬಳೆಗಳು ಬೆರಳಿನ ಮೇಲುಭಾಗದಲ್ಲಿ ಬೇರೆಯೇ ಇವೆ, ಅವುಗಳನ್ನು ಮುಟ್ಟುವುದಿಲ್ಲ. ಕೊಯ್ಯದೆ ಸೂಜಿಯ ಮೊನೆಯಿಂದಲೇ ಬಳೆಯನ್ನು ಬಿಡಿಸುವ ವಿಧಾನವೂ ಇದೆ. ಹೆಬ್ಬೆರಳಿನಲ್ಲಿ ಸಂವೇದನೆಯ ನರ ಬಳೆಗೆ ಬಹಳ ಹತ್ತಿರ ಹಾದುಹೋಗುವುದರಿಂದ ಅತ್ತಿಗೆಯ ವೈದ್ಯರು ತೆರೆದು ಮಾಡುವುದನ್ನೇ ಆರಿಸಿದರು.

ನನ್ನ ಅಳತೆಯಲ್ಲಿ ಮೂರನೆಯ ಪಟ್ಟಿಗೆ ಐದರಲ್ಲಿ ನಾಲ್ಕೂವರೆ ಅಂಕ, ಎರಡನೆಯದಕ್ಕೆ ಮೂರು. ಮೊದಲನೆಯದಕ್ಕೆ ಅಂಕ ಕೊಡುವುದು ನ್ಯಾಯವಲ್ಲ, ಅದು ಬೇರೆ ಕಾಯಿಲೆಗಾಗಿ ಮಾಡಿದ ವಸ್ತು. ಬೆರಳು ಸಿಕ್ಕಿಕೊಳ್ಳಲು ತೊಡಗಿ ಮೂರು ತಿಂಗಳಾಗದೆ ಇದ್ದು, ತಾನಾಗಿ ಅಥವಾ ಇನ್ನೊಂದು ಕೈಯಿಂದ ಎತ್ತಿದಾಗ ನೆಟ್ಟಗಾಗುತ್ತಿದ್ದರೆ ಮೂರನೆಯದಕ್ಕೆ ಹಣ ಹಾಕುವುದು ಸಾರ್ಥಕ. ಪೇಟೆಗೆ ಹೋಗಿಬರಲು ಆಗದವರು ಎರಡನೆಯದನ್ನು ರಾತ್ರಿಗೆ ಮಾತ್ರವಾದರೂ ಕಟ್ಟಬಹುದು. ಕೊಳ್ಳುವಾಗ ಕಡ್ಡಿ ಬುಡದ ಗಂಟನ್ನು ದಾಟಿ ಅಂಗೈಗೆ ಇಳಿಯುತ್ತದೆಯೇ, ನಡುಗಂಟು ಬಿಡುವಾಗಿ ಮಡಚುತ್ತದೆಯೇ ಎಂದು ಚಿತ್ರದಲ್ಲಿ ನೋಡಿಕೊಳ್ಳಿ. ನನ್ನದರ ಸಡಿಲವಾದ ವೆಲ್ಕ್ರೋವನ್ನು ಬದಿಯಡ್ಕದ ಟೈಲರ್ ಒಬ್ಬರು ಬಿಚ್ಚಿ, ಎರಡು ಬೆರಳಗಲ ಒಳಗೆ ತಂದು ಹೊಲಿದುಕೊಟ್ಟ ಮೇಲೆ ಅದು ಜಾರುವುದು ನಿಂತಿದೆ. ಸಕ್ಕರೆ ಪರೀಕ್ಷೆ ಮಾಡಿಸದೆ ಇರುವವರು ಪಟ್ಟಿ ಕೊಳ್ಳುವ ಮೊದಲೇ ಅದನ್ನು ಮಾಡಿಸಲಿ. ಚಿಕ್ಕ ಮಕ್ಕಳ ಹೆಬ್ಬೆರಳು ಮಡಚಿಯೇ ಇದ್ದರೆ ಅದರ ವಿಚಾರ ಬೇರೆ, ಈ ಪಟ್ಟಿಗಳನ್ನು ಅವರಿಗೆ ನಾವಾಗಿ ಕಟ್ಟಬಾರದು, ಮಕ್ಕಳ ವೈದ್ಯರಿಗೆ ತೋರಿಸಬೇಕು.

ಈ ವರ್ಷದ ಅಡಿಕೆ ಅಂಗಳಕ್ಕೆ ಬಿದ್ದಿದೆ. ದಿನಕ್ಕೆ ಒಂದು ಗಂಟೆ ಮಾತ್ರ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈ ಬಿಡಿಸಿಕೊಂಡು ಸುಲಿಯುತ್ತಿದ್ದೇನೆ, ರಾತ್ರಿ ಟೈಲರ್ ಸರಿಮಾಡಿದ ಬಟ್ಟೆಯ ಪಟ್ಟಿ ಕಟ್ಟಿ ಮಲಗುತ್ತೇನೆ. ನಿನ್ನೆಯವರೆಗೆ ಬೆರಳು ಒಮ್ಮೆಯೂ ಸಿಕ್ಕಿಕೊಂಡಿಲ್ಲ. ಅಂಗೈಯಲ್ಲಿ ಒತ್ತಿ ನೋಡಿದರೆ ಆ ಗಂಟು ಮಾತ್ರ ಮೊದಲಿಗಿಂತ ಚಿಕ್ಕದಾಗಿ ಇನ್ನೂ ಕೈಗೆ ಸಿಗುತ್ತದೆ.